ಇಸ್ತ್ರಿಪೆಟ್ಟಿಗೆಯ ಅಚ್ಚು

ಒಂದು ತಲೆಗೂದಲನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿ ಅದರಲ್ಲೊಂದನ್ನು ಅಂಗೈ ಮೇಲೆ ಇಟ್ಟರೆ ನನಗಂತೂ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ. ನಮ್ಮ ಒರಸಕ್ಕ ಬೀಡುಕಬ್ಬಿಣದ ಮೈಯಿಂದ ಅಷ್ಟೇ ಅಷ್ಟನ್ನು ಎತ್ತಬಲ್ಲಳು. ಯಂತ್ರದಿಂದಲ್ಲ, ಸೊಂಟಕ್ಕೆ ಉಳಿಯ ಹಿಡಿಯನ್ನು ಆನಿಸಿಕೊಂಡು, ಮೈಭಾರ ಬಿಟ್ಟು, ಕೈಯಿಂದ. ನಾನು ಮೂವತ್ತು ವರ್ಷ ಗೇಟಿನ ಮುಂದೆ ಗಂಟಲು ಹರಿದುಕೊಂಡವನು. ಮಂತ್ರಿಗಳನ್ನು ಕಂಡು ಬೆರಗಾಗಿಲ್ಲ, ಮಾಲೀಕರನ್ನು ಕಂಡು ಬೆರಗಾಗಿಲ್ಲ. ಒರಸಕ್ಕನನ್ನು ಕಂಡು ಆಗಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಲೋಹ ಕಡೆಯುವ ಲೇತ್ ಯಂತ್ರ ತಯಾರಿಸುವ ಕಾರ್ಖಾನೆ. ಲೇತಿನ ಕೆಳಗೆ ಉದ್ದನೆಯ ಕಬ್ಬಿಣದ ಮೈ ಇರುತ್ತದೆ, ಅದನ್ನು ಬೆಡ್ಡು ಎನ್ನುತ್ತೇವೆ. ಬೆಡ್ಡು ನೆಟ್ಟಗಿಲ್ಲದಿದ್ದರೆ ಅದರ ಮೇಲೆ ಕೂರುವುದೆಲ್ಲ ಸೊಟ್ಟ. ಯಂತ್ರದಲ್ಲಿ ಎಷ್ಟೇ ನಯ ಮಾಡಿದರೂ ಕೊನೆಯ ನಯ ಮನುಷ್ಯರ ಕೈಯಿಂದಲೇ ಆಗಬೇಕು. ನೇರಪಟ್ಟಿಗೆ ನೀಲಿ ಬಣ್ಣ ಸವರಿ ಬೆಡ್ಡಿನ ಮೇಲೆ ಎಳೆದರೆ ಉಬ್ಬಿದ ಕಡೆಯೆಲ್ಲ ನೀಲಿ ಚುಕ್ಕೆ ಅಂಟುತ್ತದೆ. ಆ ಚುಕ್ಕೆಗಳನ್ನಷ್ಟೇ ಉಳಿಯಿಂದ ಹೆರೆಯಬೇಕು. ಒರೆಸಬೇಕು, ಮತ್ತೆ ನೀಲಿ, ಮತ್ತೆ ಹೆರೆತ. ನಾಲ್ಕು ಮೀಟರಿನ ಬೆಡ್ಡಿಗೆ ಐದು ವಾರ. ಈ ಕೆಲಸ ಮಾಡುವವರಿಗೆ ಉಳಿದವರೆಲ್ಲ ದಾರಿ ಬಿಟ್ಟು ನಡೆಯುತ್ತಾರೆ. ಅವರೆಲ್ಲರ ಮೇಲೆ ದೊಡ್ಡ ಮೇಸ್ತ್ರಿ. ಆತನ ಬಾಯಿ ಉಳಿಗಿಂತ ಹರಿತ.

ಒರಸಕ್ಕ ಬಂದದ್ದು ನೆಲ ಗುಡಿಸುವುದಕ್ಕೆ. ಆಮೇಲೆ ಬೆಡ್ಡಿನ ಮೇಲಿನ ನೀಲಿ ಒರೆಸುವ ಬಟ್ಟೆಯನ್ನು ಅವಳ ಕೈಗೆ ಕೊಟ್ಟರು. ಹೆಸರು ಅಲ್ಲಿಂದ ಅಂಟಿದ್ದು. ಆರು ವರ್ಷ ಒರೆಸಿದಳು. ಒರೆಸುವ ಮುಂಚೆ ಪ್ರತಿ ಸಲವೂ ಒಂದು ಗಳಿಗೆ ನಿಂತು ಆ ಚುಕ್ಕೆಗಳನ್ನು ನೋಡುತ್ತಿದ್ದಳು. ಸೋಮಾರಿ ಎಂದುಕೊಂಡೆವು.

ಒಂದು ದಿನ ಮೇಸ್ತ್ರಿ ತನ್ನ ಬೆಡ್ಡಿನ ಮೇಲೆ ಬಾಗಿದ್ದ. ಇವಳು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಏನು ನೋಡ್ತಿದ್ದೀಯ? ಒರೆಸು."

"ಈ ಚುಕ್ಕೆ ಸುಳ್ಳು ಮೇಸ್ತ್ರೀ."

"ಏನಂದೆ?"

"ಇದು ಉಬ್ಬು ಅಲ್ಲ. ಬಟ್ಟೆಯ ಎಳೆ ಸಿಕ್ಕೊಂಡಿದೆ, ಅದರ ಮೇಲೆ ನೀಲಿ ಕೂತಿದೆ. ಇಲ್ಲಿ ಹೆರೆದ್ರೆ ಗುಂಡಿ ಬೀಳುತ್ತೆ."

ಮೇಸ್ತ್ರಿ ಉಗುರಿನಿಂದ ಕೆರೆದು ನೋಡಿದ. ಎಳೆ ಬಂತು. ಆತ ಬಾಯಿ ಮುಚ್ಚಿದ್ದೇ ದೊಡ್ಡ ಸುದ್ದಿಯಾಯಿತು. ಹೆಂಗಸರನ್ನು ಹೆರೆಯುವ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ನಮ್ಮ ಸಂಘ ಅದಕ್ಕೂ ಮುಂಚೆ ಎರಡು ವರ್ಷದಿಂದ ಅರ್ಜಿ ಬರೆಯುತ್ತಿತ್ತು. ಕಾರ್ಯದರ್ಶಿಯಾಗಿ ಬರೆದವನು ನಾನೇ, ಒಳ್ಳೆಯ ಭಾಷೆಯಲ್ಲೇ ಬರೆದಿದ್ದೆ. ಅವಳ ಕೈಗೆ ಉಳಿ ಕೊಡಿಸಿದ್ದು ನನ್ನ ಭಾಷೆಯಲ್ಲ, ಆ ಎಳೆ.

ನಾಲ್ಕು ವರ್ಷ ಬೇರೆಯವರ ಕೈಕೆಳಗೆ ಹೆರೆದಳು. "ಕಾಯಿ ತುರಿದ ಹಾಗಲ್ಲಮ್ಮ ಇದು" ಎಂದವರಿಗೆ, "ಗೊತ್ತು ಮಾವ, ಅದಕ್ಕೆ ನಿಮ್ಮನೇಲಿ ಅತ್ತೆ ನಿಮ್ಮ ಕೈಗೆ ತುರಿಯೋ ಮಣೆ ಕೊಡಲ್ಲ" ಎಂದು ತಿರುಗಿ ಕೊಟ್ಟಳು. ಬಾಯಿ ಇತ್ತು ಅವಳಿಗೆ. ಆದರೆ ಅದು ಮೇಲಿನವರ ಮುಂದೆ ಬರುತ್ತಿರಲಿಲ್ಲ. ಕೋಟು ಹಾಕಿದವರು ಎದುರಾದರೆ ದನಿ ಹೊಟ್ಟೆಯೊಳಗೆ ಇಳಿದುಬಿಡುತ್ತಿತ್ತು.

ನಮ್ಮಲ್ಲೊಂದು ಕಟ್ಟಳೆ ಇದೆ. ಒಬ್ಬರೇ ಒಂದು ಬೆಡ್ಡನ್ನು ಮೊದಲಿನಿಂದ ಕೊನೆಯವರೆಗೆ ಹೆರೆದರೆ ಅದರ ತುದಿಯಲ್ಲಿ ತಮ್ಮ ಅಚ್ಚು ಹೊಡೆಯಬಹುದು. ಚಿಕ್ಕ ಉಕ್ಕಿನ ಅಚ್ಚು, ಅಕ್ಕಿಕಾಳಿನಷ್ಟು. ಮೇಸ್ತ್ರಿಯದು ಚೇಳು. ಒಬ್ಬನದು ಬೀಗದ ಕೈ. ಬೆಡ್ಡು ತಪಾಸಣೆಯಲ್ಲಿ ಬಿದ್ದರೆ ಮೇಸ್ತ್ರಿ ಎಲ್ಲರ ಮುಂದೆ ಅರ ಹಿಡಿದು ಆ ಅಚ್ಚನ್ನು ಉಜ್ಜಿ ಅಳಿಸುತ್ತಾನೆ. ಅಚ್ಚು ಅಳಿದವರು ಮತ್ತೆ ಒರೆಸುವ ಬಟ್ಟೆ ಹಿಡಿಯಬೇಕು. ನನ್ನ ಕಾಲದಲ್ಲಿ ಹಾಗಾದದ್ದು ಒಬ್ಬನಿಗೇ, ಕುಳ್ಳಣ್ಣನಿಗೆ. ಒಳ್ಳೆಯ ಕೆಲಸಗಾರ. ಅರ ಆಡುವ ಸದ್ದು ಮುಗಿಯುವವರೆಗೆ ನಿಂತಿದ್ದ, ಆಮೇಲೆ ಕೈ ತೊಳೆದುಕೊಂಡು ಹೋದವನು ಕೆಲಸಕ್ಕೆ ಬರಲೇ ಇಲ್ಲ. ಅವನಿಗಾಗಿ ನಾವು ಹದಿನೆಂಟು ದಿನ ಗೇಟು ಮುಚ್ಚಿಸಿದೆವು. ಏನೂ ಹುಟ್ಟಲಿಲ್ಲ.

ಒರಸಕ್ಕ ತನ್ನ ಮೊದಲ ಬೆಡ್ಡು ಮುಗಿಸಿ ಅಚ್ಚು ಹೊಡೆದಾಗ ಎಲ್ಲರೂ ಬಗ್ಗಿ ನೋಡಿದರು. ಒಂದು ಕಡೆ ಚೂಪು, ಒಂದು ಕಡೆ ಸಪಾಟು, ಮೇಲೊಂದು ಹಿಡಿ.

"ದೋಣಿಯಾ?" ಎಂದೊಬ್ಬ.

"ಚಪ್ಪಲಿ ಇರ್ಬೇಕು, ನಿನಗೆ ಅಂತಲೇ ಹೊಡೆದಿದ್ದಾಳೆ" ಎಂದ ಇನ್ನೊಬ್ಬ.

ಅವಳು ನಕ್ಕಳು, ಬಿಡಿಸಿ ಹೇಳಲಿಲ್ಲ.

ಬೆಡ್ಡನ್ನು ಅಳೆಯುವ ಕೋಣೆಗೆ ಸಾಗಿಸಿದರು. ದಪ್ಪ ಗೋಡೆ, ಕಿಟಕಿಯಿಲ್ಲ, ವರ್ಷವಿಡೀ ಇಪ್ಪತ್ತು ಡಿಗ್ರಿ ತಂಪು. ಯಂತ್ರ ಕೊಳ್ಳುವವರ ಕಡೆಯ ಇನ್ಸ್‌ಪೆಕ್ಟರ್ ಮಧ್ಯಾಹ್ನ ಎರಡಕ್ಕೆ ಬರುವುದೆಂದು ಗೊತ್ತಾಗಿತ್ತು. ಅವಳು ಬೆಳಿಗ್ಗೆ ಏಳಕ್ಕೇ ಬಂದು ತಾನೇ ಅಳೆದು, ಹನ್ನೆರಡು ಜಾಗದ ಹನ್ನೆರಡು ಲೆಕ್ಕವನ್ನೂ ತನ್ನ ಗೀಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು.

ಹತ್ತು ಗಂಟೆಗೆ ಆಫೀಸಿನ ಮೇಡಂ ಬಂದಳು, ಹಿಂದೆ ಒಬ್ಬ ಫೋಟೋದವನು, ಅವನ ಹಿಂದೆ ನಾಲ್ಕು ದೊಡ್ಡ ದೀಪ. ಕೇಂದ್ರ ಕಚೇರಿಯವರಿಗೆ ಭಿತ್ತಿಚಿತ್ರ ಬೇಕಂತೆ. "ನಮ್ಮಲ್ಲಿ ಎಲ್ಲರಿಗೂ ಜಾಗವಿದೆ" ಎಂಬ ಬರಹ, ಕೆಳಗೆ ಒರಸಕ್ಕ ಮತ್ತು ಅವಳ ಬೆಡ್ಡು. ಮೇಡಂ ಕೆಟ್ಟವಳಲ್ಲ. ನಿಜವಾಗಿಯೂ ಸಂತೋಷಪಟ್ಟು ಬಂದಿದ್ದಳು, ಒರಸಕ್ಕನಿಗೆ ಹೊಸ ನೀಲಿ ಅಂಗಿಯನ್ನೂ ತಂದಿದ್ದಳು.

"ಮೇಡಂ, ಈ ಲೈಟು ಬೇಡ್ವೇನೋ" ಎಂದಳು ಒರಸಕ್ಕ. ಆ ಹೊಟ್ಟೆಯೊಳಗಿನ ದನಿಯಲ್ಲಿ.

"ಐದೇ ನಿಮಿಷ ಕಣಮ್ಮ. ನಗು ಸ್ವಲ್ಪ."

ಐದು ನಿಮಿಷ ಎರಡೂವರೆ ಗಂಟೆಯಾಯಿತು. ಉಳಿ ಹಿಡಿದು, ಉಳಿ ಬಿಟ್ಟು, ಕೈಕಟ್ಟಿ, ಕೈಬಿಚ್ಚಿ. ಹೆರೆಯುವ ಹಾಗೆ ಮಾಡು ಎಂದಾಗ ಉಳಿಯನ್ನು ಬೆನ್ನು ಕೆಳಗಾಗಿ ತಿರುಗಿಸಿ ಹಿಡಿದಳು, ಗೀರು ಬೀಳದಿರಲಿ ಎಂದು. ನಾವೆಲ್ಲ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆವು. ದೀಪಗಳು ನಾಲ್ಕೂ ಮೇಲಿಂದ ಬೆಡ್ಡಿನ ಮೈಮೇಲೆ ಉರಿಯುತ್ತಿದ್ದವು. ಹನ್ನೆರಡೂವರೆಗೆ ಸಾಮಾನು ಕಟ್ಟಿಕೊಂಡು ಹೋದರು. ಊಟದ ಗಂಟೆ ಹೊಡೆಯಿತು.

ಇನ್ಸ್‌ಪೆಕ್ಟರ್ ಸರಿಯಾಗಿ ಎರಡಕ್ಕೆ ಬಂದ. ದಪ್ಪ ಕನ್ನಡಕ, ಕಡಿಮೆ ಮಾತು. ಒಳಗೆ ಗುಳ್ಳೆ ಓಡಾಡುವ ಮಟ್ಟಗಾಜನ್ನು ಬೆಡ್ಡಿನ ಮೇಲೆ ಒಂದೊಂದೇ ಜಾಗಕ್ಕೆ ಸರಿಸುತ್ತ, ಗುಳ್ಳೆ ಎಷ್ಟು ಗೆರೆ ಸರಿಯಿತೆಂದು ಬರೆಯುತ್ತ ಹೋದ. ಕೂದಲಿನ ಕಾಲುಭಾಗದಷ್ಟು ಉಬ್ಬಿದರೂ ಬೆಡ್ಡು ಬಿತ್ತು ಎಂದೇ ಲೆಕ್ಕ. ಆತ ಕೂಡಿಸಿ ಕಳೆದು ತಲೆ ಎತ್ತಿದ.

"ನಡುವೆ ಉಬ್ಬಿದೆ. ಹತ್ತಿರ ಹತ್ತಿರ ಒಂದು ಕೂದಲು."

ತಪಾಸಣೆ ನೋಡಲು ಮತ್ತೆ ಬಂದಿದ್ದ ಮೇಡಂ ಮುಖದ ಬಣ್ಣ ಇಳಿಯಿತು. ಕೈಗಾರಿಕಾ ಜಗತ್ತಿನ ಎಲ್ಲ ಗಂಡಸರ ಪರವಾಗಿ ಒಬ್ಬ ಹಿಂದಿನಿಂದ "ಹ್ಞೂಂ" ಎಂದ. ಆ ಹ್ಞೂಂ ಇದೆಯಲ್ಲ, ಅದರಲ್ಲಿ ಎಲ್ಲವೂ ಇತ್ತು.

ಮೇಸ್ತ್ರಿ ಮುಂದೆ ಬಂದ. "ಸಾರ್, ಒಂದೆರಡು ಗಂಟೆ ಕೊಡಿ. ನಡುವಿನ ಉಬ್ಬು ನಾನೇ ಹೆರೆದು ಇಳಿಸ್ತೀನಿ. ಇವತ್ತೇ ಪಾಸು ಮಾಡಿಕೊಂಡು ಹೋಗಿ." ಒರಸಕ್ಕನ ಕಡೆ ತಿರುಗಿ, "ಅಚ್ಚಿನ ವಿಷಯ ಆಮೇಲೆ ನೋಡೋಣ" ಎಂದ. ಆತನ ಜೇಬಿನಲ್ಲಿ ಅರ ಇತ್ತು. ಹಿಡಿ ಹೊರಗೆ ಕಾಣುತ್ತಿತ್ತು.

ಆಗ ಅವಳು ಬೆಡ್ಡಿಗೂ ಮೇಸ್ತ್ರಿಗೂ ನಡುವೆ ಹೋಗಿ ನಿಂತಳು. ಎರಡೂ ಕೈ ಅಗಲಿಸಿ ಅಡ್ಡ ನಿಂತಳು, ಆದರೆ ಬೆಡ್ಡಿಗೆ ಮೈ ತಾಗದ ಹಾಗೆ ಒಂದು ಗೇಣು ಮುಂದೆ. ತಂತಿಯ ಮೇಲೆ ನಿಂತವಳ ಹಾಗೆ.

"ಮುಟ್ಟಬೇಡಿ ಮೇಸ್ತ್ರೀ. ಬೆಡ್ಡು ಸರಿ ಇದೆ. ಬಿಸಿಯಾಗಿದೆ ಅಷ್ಟೇ."

ದನಿ ಹೊಟ್ಟೆಯಿಂದ ಮೇಲೆ ಬಂದಿತ್ತು. ಕೋಣೆಯ ಮೂಲೆಯವರೆಗೂ ಕೇಳಿಸಿತು.

ಮೇಸ್ತ್ರಿ ಅಂಗೈಯನ್ನು ಬೆಡ್ಡಿನ ಮೇಲೆ ಚಪ್ಪರಿಸಿದ. "ಬಿಸಿಯಾ? ಹೆಣದ ಹಾಗೆ ತಣ್ಣಗಿದೆ! ಗೋಡೆ ಮೇಲಿನ ಮಾಪಕ ನೋಡು, ಇಪ್ಪತ್ತೇ ಡಿಗ್ರಿ."

"ಗೋಡೆಯದು ಗಾಳಿ ಬಿಸಿ ಮೇಸ್ತ್ರೀ. ಬೆಡ್ಡಿನದಲ್ಲ. ಎರಡು ಡಿಗ್ರಿ ಬಿಸಿ ನಿಮ್ಮ ಅಂಗೈಗೆ ತಿಳಿಯಲ್ಲ. ದೀಪ ಮೇಲಿಂದ ಕಾಯಿಸಿದೆ. ಮೇಲ್ಮೈ ಹಿಗ್ಗಿದೆ, ತಳ ಹಾಗೇ ಇದೆ. ಹಾಗಾದ್ರೆ ಕಬ್ಬಿಣ ಎಲ್ಲಿಗೆ ಹೋಗಬೇಕು? ನಡು ಎತ್ತುತ್ತೆ. ನೀವು ಈಗ ಆ ಉಬ್ಬು ಹೆರೆದ್ರೆ, ನಾಳೆ ತಣ್ಣಗಾದಾಗ ಅಲ್ಲಿ ಗುಂಡಿ ಇರುತ್ತೆ. ಐದು ವಾರದ ಕೆಲಸ ಗುಜರಿಗೆ."

"ಮೂವತ್ತೈದು ವರ್ಷ ಹೆರೆದಿದ್ದೀನಿ. ನೀನು ನನಗೆ ಕಬ್ಬಿಣ ಹೇಳಿಕೊಡ್ತೀಯ?"

"ಹೇಳ್ತಿಲ್ಲ. ಕೇಳಿಕೊಳ್ತಿದ್ದೀನಿ. ನಾಳೆ ಬೆಳಿಗ್ಗೆವರೆಗೂ ಬಾಗಿಲು ಹಾಕಿ, ಯಾರೂ ಒಳಗೆ ಬರೋದು ಬೇಡ."

ಇನ್ಸ್‌ಪೆಕ್ಟರ್ ಕನ್ನಡಕ ಒರೆಸಿಕೊಂಡ. "ನಾಳೆಯೂ ಹೀಗೇ ಇದ್ರೆ?"

"ನನ್ನ ಅಚ್ಚು ನಾನೇ ಉಜ್ಜಿ ತೆಗೀತೀನಿ. ಮೇಸ್ತ್ರಿಗೆ ಶ್ರಮ ಬೇಡ." ಗೀಟುಪುಸ್ತಕ ತೆಗೆದು ಆತನ ಕೈಗಿಟ್ಟಳು. "ಇವತ್ತು ಬೆಳಿಗ್ಗೆ, ದೀಪ ಬರೋ ಮುಂಚೆ ಅಳೆದದ್ದು. ಹನ್ನೆರಡು ಜಾಗ. ನಾಳೆ ನೀವೇ ಅಳೆಯಿರಿ. ಈ ಹನ್ನೆರಡೂ ಬರಬೇಕು."

"ಪುಸ್ತಕದಲ್ಲಿ ಏನು ಬೇಕಾದ್ರೂ ಬರೀಬಹುದು" ಎಂದ ಮೇಸ್ತ್ರಿ.

"ಬರೀಬಹುದು. ಕಬ್ಬಿಣ ಅದಕ್ಕೆ ಹೊಂದಿಕೊಳ್ಳಲ್ಲ."

ಇನ್ಸ್‌ಪೆಕ್ಟರ್ ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿ, ಕೋಣೆಯ ಬಾಗಿಲಿಗೆ ಕಾಗದ ಅಂಟಿಸಿ ಸಹಿ ಹಾಕಿದ. ಮೇಡಂ ಹತ್ತಿರ ಬಂದು, "ನೀನು ಮೊದಲೇ ಹೇಳಬಾರದಿತ್ತಾ?" ಎಂದಳು.

"ಹೇಳಿದ್ದೆ ಮೇಡಂ. ಮೆತ್ತಗೆ ಹೇಳಿದ್ದೆ. ಅದು ನನ್ನ ತಪ್ಪು."

ಸಂಜೆ ಆರಕ್ಕೆ ನಾನು ಅವಳ ಮನೆಗೆ ಹೋದೆ. ಸಂಘದಲ್ಲಿ ಮಾತಾಗಿತ್ತು. ಅಚ್ಚು ಅಳಿಸಿದರೆ ಮರುದಿನವೇ ಗೇಟಿನಲ್ಲಿ ಕೂರುವುದು, ಮೊದಲ ಹೆಣ್ಣಿನ ಮೊದಲ ಅಚ್ಚು ಎಂದು ಫಲಕ ಬರೆಸುವುದು. ಫಲಕದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ.

ಮನೆ ಎಂದರೆ ಒಂದೇ ಕೋಣೆ, ಅದರ ಅರ್ಧ ಒಂದು ಮೇಜು. ಅವಳ ತಾಯಿ ಊರವರ ಬಟ್ಟೆ ಇಸ್ತ್ರಿ ಮಾಡುವವಳು, ಎಪ್ಪತ್ತು ದಾಟಿದರೂ ನಿಲ್ಲಿಸಿಲ್ಲ. ಮಡಚಿದ ಅಂಗಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಕೆಂಡದ ಪೆಟ್ಟಿಗೆ ಮೇಜಿನ ಮೇಲೆ ಕೂತಿತ್ತು. ಮುಂದೆ ಚೂಪು, ಹಿಂದೆ ಸಪಾಟು, ಮೇಲೊಂದು ಹಿಡಿ. ಬೆಡ್ಡಿನ ತುದಿಯ ಅಚ್ಚು ಏನೆಂದು ಆಗ ತಿಳಿಯಿತು.

"ಯಾಕಪ್ಪ, ಮುಖ ಹಿಂಡಿ ಬಿಸಾಕಿದ ಅಂಗಿ ಥರ ಆಗಿದೆ?" ಎಂದಳು ಮುದುಕಿ.

ನಾನು ನಡೆದದ್ದು ಹೇಳಿ, ನಾಳೆಯ ಧರಣಿಯ ಮಾತೆತ್ತಿದೆ. ಒರಸಕ್ಕ ಮೂಲೆಯಲ್ಲಿ ಕೂತು ಉಳಿ ಮಸೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು.

"ಬೇಡಣ್ಣ. ನಾಳೆ ಬೆಳಿಗ್ಗೆ ನೀವೆಲ್ಲ ಬಂದು ಕೋಣೆ ಮುಂದೆ ಗುಂಪು ಕಟ್ಟಿದ್ರೆ ಮೈಬಿಸಿಗೇ ಬೆಡ್ಡು ಮತ್ತೆ ಏಳುತ್ತೆ."

"ನಿನ್ನ ಪರವಾಗಿ ಕೂಗೋರು ಬೇಡ್ವಾ?"

"ಕೂಗಿದ್ರೆ ಅಚ್ಚು ಉಳಿಯಬಹುದು. ಆಮೇಲೆ ಜನ ಏನಂತಾರೆ? ಸಂಘದವರು ಉಳಿಸಿದ ಅಚ್ಚು ಅಂತಾರೆ. ಬೆಡ್ಡು ಉಳಿಸಿದ ಅಚ್ಚು ಅನ್ನಲ್ಲ."

ನನಗೆ ಕೋಪ ಬಂತು. ಮೂವತ್ತು ವರ್ಷದ ಗಂಟಲಿಗೆ ಇಷ್ಟೇ ಬೆಲೆಯೇ ಅನಿಸಿತು. ಮುದುಕಿ ಪೆಟ್ಟಿಗೆಯನ್ನು ಎತ್ತಿ ಕೆಳಗಿಟ್ಟಳು, ಮೇಜಿನ ಬಟ್ಟೆ ಸರಿಸಿದಳು. ಅಡಿಯಲ್ಲಿ ಮೇಜಿಗೆ ಹಾಸಿದ ಒಂದು ದಪ್ಪ ತಗಡು. ಗೂಡಿನಿಂದ ದಾರದ ಉಂಡೆಯೊಂದನ್ನು ತೆಗೆದು ತಗಡಿನ ನಡುವೆ ಇಟ್ಟಳು. ಉಂಡೆ ತಾನಾಗಿ ಉರುಳಿ ಅಂಚಿಗೆ ಬಂದು ನನ್ನ ಕಾಲ ಮೇಲೆ ಬಿತ್ತು.

"ದಿನವಿಡೀ ಮೇಲೆ ಬೆಂಕಿ ಓಡಾಡಿದೆಯಲ್ಲ, ಅದಕ್ಕೆ ಬೆನ್ನು ಎತ್ತಿದೆ. ಬೆಳಿಗ್ಗೆ ಬಾ, ಇಟ್ಟಲ್ಲೇ ಇರುತ್ತೆ. ಇವಳು ಸಣ್ಣವಳಿದ್ದಾಗ ಬೆಳಿಗ್ಗೆ ಸಂಜೆ ಇದನ್ನೇ ಆಡ್ತಿದ್ಲು. ಹೊತ್ತು ಎಷ್ಟಾಯ್ತು ಅಂತ ಉಂಡೆ ನೋಡಿ ಹೇಳ್ತಿದ್ಲು."

ನಾನು ಉಂಡೆ ಎತ್ತಿ ಮತ್ತೆ ಇಟ್ಟೆ. ಮತ್ತೆ ಉರುಳಿತು. ಮೂರನೆಯ ಸಲವೂ ಇಟ್ಟೆ. ಮುದುಕಿ ನಗತೊಡಗಿದಳು. ದೊಡ್ಡ ದೊಡ್ಡ ಪದವಿಯವರು ಕಟ್ಟಿದ ಕಾರ್ಖಾನೆ ನಮ್ಮದು. ಆ ಮಧ್ಯಾಹ್ನ ಆ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಇದ್ದೆವು, ಓದಿದವರು, ತಲೆ ನರೆತವರು. ನಮ್ಮ ಕಣ್ಣೆದುರೇ ದೀಪ ಉರಿದಿತ್ತು. ಆ ಹಾಳು ದೀಪವನ್ನು ಕಂಡದ್ದು ಈ ಮೇಜಿನ ಪಕ್ಕದಲ್ಲಿ ಬೆಳೆದವಳು ಒಬ್ಬಳೇ. ಫಲಕದ ಮಾತು ಬಾಯಲ್ಲೇ ಕರಗಿಹೋಯಿತು.

ಮರುದಿನ ಏಳಕ್ಕೆ ಇನ್ಸ್‌ಪೆಕ್ಟರ್ ಕಾಗದ ಹರಿದು ಬಾಗಿಲು ತೆಗೆದ. ಒಳಗೆ ಹೋದವರು ನಾಲ್ಕೇ ಜನ. ಆತ, ಮೇಸ್ತ್ರಿ, ಒರಸಕ್ಕ ಮತ್ತು ಸಂಘದ ಸಾಕ್ಷಿ ಎಂದು ನಾನು. ಅವಳು ನಮ್ಮನ್ನೂ ಗೋಡೆಗೆ ಒತ್ತಿ ನಿಲ್ಲಿಸಿದಳು. "ಉಸಿರು ಆ ಕಡೆ ಬಿಡಿ" ಎಂದಳು ಮೇಸ್ತ್ರಿಗೆ. ಆತ ಮುಖ ತಿರುಗಿಸಿದ, ನಾನು ಕಣ್ಣಾರೆ ಕಂಡೆ.

ಮೊದಲನೆಯ ಜಾಗ. ಇನ್ಸ್‌ಪೆಕ್ಟರ್ ಗುಳ್ಳೆ ನೋಡಿದ, ತನ್ನ ಚೀಲದಿಂದ ಗೀಟುಪುಸ್ತಕ ತೆಗೆದು ನೋಡಿದ. ಎರಡನೆಯದು. ಮೂರನೆಯದು. ನಾಲ್ಕಕ್ಕೆ ಆತನ ಹುಬ್ಬು ಏರಿತು. ಐದು, ಆರು. ಗೆರೆಗೆ ಗೆರೆ ಕೂತಿತು.

"ಏಳನೇದು ತಪ್ಪು" ಎಂದ ಆತ. "ಅರ್ಧ ಗೆರೆ ಹೆಚ್ಚಿದೆ."

ಏಳನೆಯದು ಬೆಡ್ಡಿನ ನಟ್ಟನಡುವಿಗೆ ಬರುತ್ತದೆ. ಉಬ್ಬಿದ್ದೂ ಅಲ್ಲೇ. ಮೇಸ್ತ್ರಿಯ ಕೈ ಜೇಬಿಗೆ ಹೋಯಿತು. ಒರಸಕ್ಕ ಬೆಡ್ಡನ್ನು ನೋಡಲಿಲ್ಲ, ಇನ್ಸ್‌ಪೆಕ್ಟರನ ಎಡಗೈ ನೋಡಿದಳು.

"ಸಾರ್, ಪುಸ್ತಕ ನೋಡೋವಾಗ ಅಲ್ಲಿ ಕೈ ಊರಿ ಬಗ್ಗಿದ್ರಿ."

ಆತ ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಬೆಡ್ಡಿನ ಅಂಚಿನಲ್ಲಿ ಐದು ಬೆರಳಿನ ಮಬ್ಬು ಇನ್ನೂ ಆರಿರಲಿಲ್ಲ.

"ಈಗ?"

"ಈಗ ಹೊರಗೆ ಹೋಗಿ ಕಾಫಿ ಕುಡಿಯೋಣ."

ಮುಕ್ಕಾಲು ಗಂಟೆ ಹೊರಗೆ ಕೂತೆವು. ಅವಳು ಲೋಟದಲ್ಲಿ ಬಿದ್ದ ನೊಣವನ್ನು ಚಮಚದಿಂದ ತೆಗೆದು, "ಇದೂ ಒಂದು ಗೆರೆ ಹೆಚ್ಚಿತ್ತು" ಎಂದಳು. ಮತ್ತೆ ಒಳಗೆ ಹೋದಾಗ ಇನ್ಸ್‌ಪೆಕ್ಟರ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೊಕ್ಕರೆಯ ಹಾಗೆ ಕತ್ತು ಚಾಚಿ ಗುಳ್ಳೆ ನೋಡಿದ. ಏಳನೆಯದು ಬಂತು. ಎಂಟು ಬಂತು. ಹನ್ನೆರಡರವರೆಗೂ ಬಂದವು. ಕೂದಲಿನ ಕಾಲುಭಾಗ ಇರಲಿ, ಅದರ ಅರ್ಧವೂ ಉಬ್ಬಿರಲಿಲ್ಲ.

ಆತ ಪುಸ್ತಕ ಮುಚ್ಚಿ ಅವಳಿಗೆ ಎರಡೂ ಕೈಯಿಂದ ಕೊಟ್ಟ. "ಇಪ್ಪತ್ತೆರಡು ವರ್ಷದಿಂದ ಅಳೀತಿದ್ದೀನಿ" ಎಂದ. ಬೆಡ್ಡಿನ ತುದಿಗೆ ಹೋಗಿ, ಬಗ್ಗಿ, ಆ ಅಕ್ಕಿಕಾಳಿನಷ್ಟು ಅಚ್ಚನ್ನು ಕನ್ನಡಕ ತೆಗೆದು ನೋಡಿದ. ಮುಟ್ಟಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಮೇಸ್ತ್ರಿ ಗೋಡೆಗೆ ಒರಗಿ ಹಾಗೇ ನಿಂತಿದ್ದ. ಜೇಬಿನಿಂದ ಅರ ತೆಗೆದಿದ್ದ. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಕುಳ್ಳಣ್ಣನ ಬೆಡ್ಡು ಅಳೆದ ದಿನ" ಎಂದ ನನ್ನ ಕಡೆ ತಿರುಗಿ, "ಈ ಕೋಣೆಯ ಮಾಡು ರಿಪೇರಿ ಇತ್ತಲ್ವಾ?"

ನೆನಪು ಮಾಡಿಕೊಂಡೆ. ಚಾವಣಿಯ ಎರಡು ತಗಡು ಬಿಚ್ಚಿದ್ದರು. ಬೆಳಗಿನಿಂದ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಊಟದ ಹೊತ್ತಿಗೆ ತಗಡು ಮುಚ್ಚಿದ್ದರು. ಎರಡಕ್ಕೆ ತಪಾಸಣೆ.

"ಬಿಚ್ಚಿದ್ರು" ಎಂದೆ.

"ಅವನದೂ ನಡುವೆಯೇ ಉಬ್ಬಿತ್ತು."

"ಹೌದು."

ಹದಿನೆಂಟು ದಿನ ಕೂಗಿದ್ದೆವು ನಾವು. ಬಿಸಿಲಲ್ಲೇ ಕೂತು ಕೂಗಿದ್ದೆವು. ನೆತ್ತಿ ಸುಡುತ್ತಿದ್ದರೂ ಬಿಸಿಲು ಎಲ್ಲಿ ಬಿದ್ದಿತ್ತು ಎಂದು ನಮ್ಮಲ್ಲಿ ಒಬ್ಬನೂ ಕೇಳಿರಲಿಲ್ಲ.

ಮೇಸ್ತ್ರಿ ಅರವನ್ನು ಅಳತೆ ಸಾಮಾನಿನ ಪೆಟ್ಟಿಗೆಯ ತಳಕ್ಕೆ ಹಾಕಿ ಮುಚ್ಚಳ ಎಳೆದ. "ಒರಸಕ್ಕಾ" ಎಂದ. ಆ ಹೆಸರನ್ನು ಆತ ಅಷ್ಟು ಮೆಲ್ಲಗೆ ಕರೆದದ್ದು ಕೇಳಿರಲಿಲ್ಲ. "ಮುಂದಿನ ವಾರ ನನ್ನದೊಂದು ಬೆಡ್ಡಿದೆ. ಎಷ್ಟು ಹೊತ್ತಿಗೆ ಅಳೀಲಿ?"

"ಹಿಂದಿನ ಸಂಜೆಯೇ ಒಳಗೆ ಇಟ್ಟು ಬೀಗ ಹಾಕಿ ಮೇಸ್ತ್ರೀ. ಬೆಳಿಗ್ಗೆ ನೋಡೋಣ."

ಅಷ್ಟು ಹೇಳಿ ಅವಳು ಒರೆಸುವ ಬಟ್ಟೆ ತೆಗೆದುಕೊಂಡಳು. ಇನ್ಸ್‌ಪೆಕ್ಟರನ ಬೆರಳಿನ ಮಬ್ಬು ಇದ್ದ ಕಡೆಗೆ ಒಂದು ಹನಿ ಎಣ್ಣೆ ಬಿಟ್ಟು ಒರೆಸಿದಳು. ನಾನು ಇನ್ನೂ ಅಲ್ಲೇ ನಿಂತಿದ್ದೆ.

"ಅಣ್ಣ, ಸ್ವಲ್ಪ ಆ ಕಡೆ" ಎಂದಳು. "ನಿಮ್ಮ ಬಿಸಿ ಬೀಳ್ತಿದೆ."

ಸರಿದು ನಿಂತೆ.